ಹೊರಗಿನ ಗಾಳಿ ಸೋಕಿದವರು

ಈ ವಾರ ಹಳೇ ಜಗಳವೊಂದು ತಲೆಯೆತ್ತಿತು: ಆಟದ ನಡುವೆ ವೈಲ್ಡ್ ಕಾರ್ಡ್‌ನಲ್ಲಿ ಬಂದವರು ಬಿಗ್ ಬಾಸ್ ಗೆಲ್ಲುವುದು ನ್ಯಾಯವೇ?

‘ವೈಲ್ಡ್ ಕಾರ್ಡ್‌ನವರಿಗೆ ಕಪ್ ಸಿಗಲ್ಲ’ ಎಂದು ಪಟ್ಟು ಹಿಡಿದಿದ್ದ ಪಂಡಿತರ ಬಾಯಿ 2025ರ ಜನವರಿಯಲ್ಲಿ ಮುಚ್ಚಿತು. ಹನ್ನೊಂದನೇ ಸೀಸನ್ನಿನ ನಡುವೆ ಒಳಗೆ ಬಂದ ಹಾವೇರಿ ಜಿಲ್ಲೆಯ ಹಾಡುಗಾರ ಹನುಮಂತ, ಲುಂಗಿಯಲ್ಲೇ ಓಡಾಡಿಕೊಂಡಿದ್ದು ಟ್ರೋಫಿ ಎತ್ತಿಕೊಂಡು ಹೋದರು. ನನಗೂ ಖುಷಿಯಾಯಿತು. ತಕರಾರು ಮಾತ್ರ ಹಾಗೇ ಉಳಿದಿದೆ. ತಡವಾಗಿ ಬರುವವರು ಪ್ರಶ್ನೆಪತ್ರಿಕೆ ನೋಡಿಕೊಂಡು ಬಂದ ವಿದ್ಯಾರ್ಥಿಗಳು. ಜನ ಯಾರಿಗೆ ವೋಟು ಹಾಕುತ್ತಿದ್ದಾರೆ, ಶನಿವಾರ ನಿರೂಪಕ ಸುದೀಪ್ ಯಾರಿಗೆ ಕ್ಲಾಸ್ ತೆಗೆದುಕೊಂಡರು, ಎಲ್ಲ ಗೊತ್ತು. ಬಂದ ದಿನವೇ ಗೆಲ್ಲುವ ಕುದುರೆಯ ಪಕ್ಕ ಹೋಗಿ ಕೂರುತ್ತಾರೆ. ಹಾಗೆ ಕೂರದಿದ್ದದ್ದೇ ಹನುಮಂತನ ಹೆಚ್ಚುಗಾರಿಕೆ.

ಅಂದಹಾಗೆ, ಇಡೀ ಮನೆಯೇ ವೈಲ್ಡ್ ಕಾರ್ಡ್ ಆಗಿಬಿಟ್ಟ ಸೀಸನ್ ಒಂದಿದೆಯಲ್ಲ, ಎಂಟನೆಯದು! 2021ರ ಫೆಬ್ರವರಿ ಕೊನೆಗೆ ಒಳಗೆ ಹೋದವರಿಗೆ ಫೋನಿಲ್ಲ, ಪೇಪರಿಲ್ಲ. ಕೊರೊನಾ ಎರಡನೇ ಅಲೆ ಊರನ್ನೆಲ್ಲ ಹಿಂಡುತ್ತಿದ್ದಾಗ ಅವರು ಅಲ್ಲಿ ಲಗ್ಜುರಿ ಬಜೆಟ್‌ಗೆ ಕಿತ್ತಾಡುತ್ತಿದ್ದರು. ಮೇನಲ್ಲಿ ಶೋ ನಿಂತಿತು. ಗೆದ್ದವರಿಲ್ಲ, ಸೋತವರಿಲ್ಲ, ಎಲ್ಲರೂ ಸೂಟ್‌ಕೇಸ್ ಹಿಡಿದು ಮನೆಗೆ. ಜೂನ್‌ನಲ್ಲಿ ‘ಸೆಕೆಂಡ್ ಇನ್ನಿಂಗ್ಸ್’ ಎಂದು ಹನ್ನೆರಡು ಮಂದಿ ಅದೇ ಮನೆಗೆ ಮರಳಿದರು. ನಡುವಿನ ಬಿಡುವಿನಲ್ಲಿ ಎಪಿಸೋಡು, ಟ್ರೋಲು, ಬೆನ್ನ ಹಿಂದೆ ಯಾರು ಏನಂದಿದ್ದರು ಎಂಬುದು, ಎಲ್ಲ ಅವರ ಕಣ್ಣಿಗೆ ಬಿದ್ದಿತ್ತು. ಅಂದರೆ ಮರಳಿದವರೆಲ್ಲ ವೈಲ್ಡ್ ಕಾರ್ಡ್‌ನವರೇ.

ಬಿಗ್ ಬಾಸ್ ಮನೆಯಲ್ಲಿ ನಡೆಯುವುದು ‘ಎಲ್ಲ ಸ್ಕ್ರಿಪ್ಟೆಡ್’ ಎನ್ನುವ ಬಳಗ ಆ ಎರಡನೇ ಭಾಗವನ್ನು ಕೂತು ನೋಡಬೇಕು. ಮೊದಲ ಭಾಗದಲ್ಲಿ ಒಂದು ಚಪಾತಿಗಾಗಿ ಗಂಟಲು ಹರಿದುಕೊಂಡವರು ಈಗ ಮಾತು ಶುರುಮಾಡುವ ಮೊದಲು ಕ್ಯಾಮೆರಾ ಎಲ್ಲಿದೆ ಎಂದು ಓರೆಗಣ್ಣಲ್ಲಿ ನೋಡುತ್ತಿದ್ದರು. ಹೊರಗೆ ಜೋಡಿ ಎಂದು ಸುದ್ದಿಯಾದವರಿಗೆ ಒಂದೇ ಸೋಫಾದಲ್ಲಿ ಕೂರಲೂ ಮುಜುಗರ. ನಾಮಿನೇಷನ್ನಿಗೆ ಕಾರಣ ಕೊಡುವಾಗ ಪತ್ರಿಕಾಗೋಷ್ಠಿಯ ಭಾಷೆ. ನಟನೆ ಎಂದರೆ ಅದು! ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮೊದಲ ಭಾಗ ಎಷ್ಟು ನಿಜವಿತ್ತು ಎಂಬುದು ತಿಳಿಯುತ್ತದೆ. ಆ ಜಗಳಗಳನ್ನು ಬರೆದುಕೊಡಬಲ್ಲ ಸಂಭಾಷಣೆಕಾರ ಗಾಂಧಿನಗರದಲ್ಲಿ ಇದ್ದಿದ್ದರೆ ಸೀರಿಯಲ್ಲುಗಳು ಹೀಗಿರುತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಆ ಸೀಸನ್ನನ್ನು ಮಂಜು ಪಾವಗಡ ಗೆದ್ದರು, ಅರವಿಂದ್ ಕೆ.ಪಿ. ಎರಡನೆಯವರಾದರು. ಮೇನಲ್ಲೇ ವೋಟು ಎಣಿಸಿದ್ದರೂ ಫಲಿತಾಂಶ ಇದೇ ಆಗಿರುತ್ತಿತ್ತು ಎಂಬುದು ನನ್ನ ವಾದ. ಪುರಾವೆ ಕೇಳಬೇಡಿ.