ಎಂಟು ಕಂತುಗಳ ಮಿಡ್ಲ್‌ಮಾರ್ಚ್

ಡೊರೊಥಿಯಾಳ ಮದುವೆಯಾದದ್ದು 1871ರ ಡಿಸೆಂಬರಿನಲ್ಲಿ. ಅವಳ ಅಳು ಓದುಗರಿಗೆ ಕೇಳಿಸಿದ್ದು 1872ರ ಫೆಬ್ರವರಿಯಲ್ಲಿ. ಜಾರ್ಜ್ ಎಲಿಯಟ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಮೇರಿ ಆ್ಯನ್ ಇವಾನ್ಸ್ ಅವರ ‘ಮಿಡ್ಲ್‌ಮಾರ್ಚ್’ ಕಾದಂಬರಿಯನ್ನು ಅದರ ಮೊದಲ ಓದುಗರು ಹೀಗೆ ಕಾದು ಕಾದು ಓದಿದರು.

ಆಗ ಇಂಗ್ಲೆಂಡಿನಲ್ಲಿ ಹೊಸ ಕಾದಂಬರಿಯೆಂದರೆ ಸಾಮಾನ್ಯವಾಗಿ ಮೂರು ಸಂಪುಟ. ಬೆಲೆ ಮೂವತ್ತೊಂದೂವರೆ ಶಿಲ್ಲಿಂಗ್. ಅಷ್ಟು ಕೊಟ್ಟು ಕೊಳ್ಳುವವರು ಕಡಿಮೆ. ಹೆಚ್ಚಿನವರು ಚಂದಾ ಕಟ್ಟಿ ಮ್ಯೂಡಿಯಂಥ ಗ್ರಂಥಾಲಯಗಳಿಂದ ಎರವಲು ತರುತ್ತಿದ್ದರು. ಎಲಿಯಟ್ 1869ರಲ್ಲಿ ಯುವ ವೈದ್ಯನೊಬ್ಬನ ಕತೆ ಶುರುಮಾಡಿದ್ದರು. ಮರುವರ್ಷದ ಕೊನೆಗೆ ಡೊರೊಥಿಯಾಳ ಬಗ್ಗೆ ‘ಮಿಸ್ ಬ್ರೂಕ್’ ಎಂಬ ಬೇರೆಯೇ ಕತೆ ಹಿಡಿದರು. ಎರಡೂ ಒಂದರೊಳಗೊಂದು ಕೂಡಿಕೊಂಡಾಗ ಅದು ಮೂರು ಸಂಪುಟಕ್ಕೆ ಹಿಡಿಸದಷ್ಟು ಬೆಳೆಯಿತು. ಅವರ ಬಾಳಸಂಗಾತಿ ಜಾರ್ಜ್ ಹೆನ್ರಿ ಲ್ಯೂಯಿಸ್ 1871ರ ಮೇ ತಿಂಗಳಲ್ಲಿ ಪ್ರಕಾಶಕ ಜಾನ್ ಬ್ಲ್ಯಾಕ್‌ವುಡ್‌ಗೆ ಪತ್ರ ಬರೆದು ದಾರಿಯೊಂದನ್ನು ಸೂಚಿಸಿದರು: ಎರಡು ತಿಂಗಳಿಗೊಂದು ಭಾಗ, ಬೆಲೆ ಐದು ಶಿಲ್ಲಿಂಗ್. ಒಟ್ಟು ಎಂಟು ಭಾಗಗಳಾದವು. ಕೊನೆಯವು ಮಾತ್ರ ತಿಂಗಳಿಗೊಂದರಂತೆ ಬಂದವು.

ವ್ಯಾಪಾರಕ್ಕೆಂದು ಹೂಡಿದ ಈ ಉಪಾಯ ಕತೆಯ ರಸಕ್ಕೇ ಒದಗಿಬಂದಿತು. ಮೊದಲ ಭಾಗದಲ್ಲಿ ಹನ್ನೆರಡು ಅಧ್ಯಾಯಗಳು. ವಯಸ್ಸಾದ ಪಂಡಿತ ಕ್ಯಾಸೊಬನ್‌ನನ್ನು ಡೊರೊಥಿಯಾ ತುಂಬು ನಂಬಿಕೆಯಿಂದ ಮದುವೆಯಾಗಿ ರೋಮ್‌ಗೆ ಹೊರಡುತ್ತಾಳೆ. ಕತೆ ಅವಳನ್ನು ಅಲ್ಲಿಗೇ ಬಿಟ್ಟು ಊರಿನ ಕಡೆ ತಿರುಗುತ್ತದೆ. ಅಲ್ಲಿನ ತರುಣಿ ರೋಸಮಂಡ್ ಒಂದು ಮನೆಯಿಂದ ಹೊರಡುವ ಹೊತ್ತಿನಲ್ಲಿ ತನ್ನ ಸವಾರಿಯ ಚಾವಟಿಗೆ ಕೈಚಾಚುತ್ತಾಳೆ, ಆ ಯುವ ವೈದ್ಯ ಲಿಡ್‌ಗೇಟ್ ಅವಳಿಗಿಂತ ಮೊದಲೇ ಅದನ್ನೆತ್ತಿ ಕೊಡುತ್ತಾನೆ, ಕಣ್ಣು ಕಣ್ಣು ಕೂಡುತ್ತವೆ. ಆ ಭಾಗ ಅಲ್ಲಿಗೆ ಮುಗಿಯುತ್ತಾ ಬಂತು. ಮುಂದಿನದಕ್ಕೆ ಎರಡು ತಿಂಗಳು.

ಎರಡನೆಯ ಭಾಗದಲ್ಲಿ ರೋಮ್‌ನ ಮನೆಯೊಂದರ ಒಳಕೋಣೆ. ಡೊರೊಥಿಯಾ ಒಬ್ಬಳೇ ಕೂತು ಬಿಕ್ಕುತ್ತಿದ್ದಾಳೆ. ಮದುವೆಯಾಗಿ ಆರು ವಾರವಾಗಿದೆ ಎನ್ನುತ್ತಾರೆ ಲೇಖಕಿ. ಗಂಡ ಹೊಡೆದಿಲ್ಲ, ಬೈದಿಲ್ಲ. ಅವನ ಮನಸ್ಸಿನೊಳಗೆ ಬಯಲು, ಗಾಳಿ, ಬೆಳಕು ಇದ್ದಾವು ಎಂದುಕೊಂಡಿದ್ದವಳಿಗೆ ಎಲ್ಲಿಗೂ ಮುಟ್ಟಿಸದ ಇಕ್ಕಟ್ಟಿನ ಓಣಿಗಳು ಎದುರಾಗಿವೆ, ಅಷ್ಟೇ. ಅವಳ ಆರು ವಾರಕ್ಕೂ ಓದುಗರ ಎರಡು ತಿಂಗಳಿಗೂ ಹೆಚ್ಚು ಅಂತರವಿಲ್ಲ. ಅವಳು ಮೌನವಾಗಿ ನಿರಾಸೆಯ ಕಡೆ ಸಾಗುತ್ತಿದ್ದಾಗ ಓದುಗರು ಅವಳು ಸುಖವಾಗಿದ್ದಾಳೆಂದು ಊಹಿಸಿಕೊಂಡು ತಮ್ಮ ಕೆಲಸದಲ್ಲಿದ್ದರು. ಒಬ್ಬರ ಸಂಕಟ ಪಕ್ಕದವರಿಗೆ ತಡವಾಗಿ ತಿಳಿಯುವುದು ಹೀಗೆಯೇ ಅಲ್ಲವೇ?

1872ರ ಡಿಸೆಂಬರಿನಲ್ಲಿ ಬಂದ ಎಂಟನೆಯ ಭಾಗದಲ್ಲಿ ಇನ್ನೊಂದು ಬೆಳಗಿದೆ. ರಾತ್ರಿ ನೆಲದ ಮೇಲೆ ಬಿದ್ದು ಅತ್ತು ಅಲ್ಲೇ ನಿದ್ದೆಹೋದ ಡೊರೊಥಿಯಾ ಎದ್ದು ಪರದೆ ಸರಿಸುತ್ತಾಳೆ. ರಸ್ತೆಯಲ್ಲಿ ಬೆನ್ನಿಗೆ ಗಂಟು ಹೊತ್ತ ಗಂಡಸು, ಮಗು ಎತ್ತಿಕೊಂಡ ಹೆಂಗಸು. ಆಚೆ ಹೊಲದಲ್ಲಿ ಯಾರೋ ಓಡಾಡುತ್ತಿದ್ದಾರೆ. ಅವರ ಹೆಸರು ನಮಗೂ ಗೊತ್ತಾಗುವುದಿಲ್ಲ, ಅವಳಿಗೂ. ಆದರೂ ತನ್ನ ದುಃಖದ ಆಚೆ ಲೋಕ ಎದ್ದು ದುಡಿಮೆಗೆ ಹೊರಟಿದೆ ಎಂಬುದು ಅವಳಿಗೆ ಕಂಡುಬಿಡುತ್ತದೆ. ಒಂದು ವರ್ಷ ಅವಳ ಜೊತೆ ನಡೆದುಬಂದ ಓದುಗನಿಗೆ ಆ ಕಿಟಕಿಯ ಬೆಳಕು ಎಷ್ಟು ಹಿತವಾಗಿದ್ದಿರಬೇಕು!

ಇಂದು ‘ಮಿಡ್ಲ್‌ಮಾರ್ಚ್’ ಒಂದೇ ದಪ್ಪ ಪುಸ್ತಕವಾಗಿ ಸಿಗುತ್ತದೆ. ಎಂಟು ಭಾಗಗಳ ಗುರುತು ಅದರಲ್ಲಿ ಹಾಗೆಯೇ ಇದೆ. ಒಂದು ಭಾಗ ಓದಿ ಮುಚ್ಚಿಡಿ, ಕೆಲವು ವಾರ ಬಿಟ್ಟು ಮುಂದಿನದನ್ನು ತೆರೆಯಿರಿ. ಅವಸರಪಡಬೇಡಿ, ಈ ಕಾದಂಬರಿ ಕಾಯುವವರಿಗೆ ಹೆಚ್ಚು ಕೊಡುತ್ತದೆ.