ಬೀಜ ಬಲಿಯುವ ಮುನ್ನ

ಕಾರ್ತಿಕ ಮುಗಿಯುವ ಹೊತ್ತಿಗೆ ದಾವಣಗೆರೆಯ ವಿನೋಬನಗರದ ಅಡ್ಡರಸ್ತೆಗಳಿಗೆ ಹಸಿ ಹುಣಸೆಕಾಯಿ ಬರುತ್ತದೆ. ತಳ್ಳುಗಾಡಿಯ ಒಂದು ಮೂಲೆಯಲ್ಲಿ ಗೋಣಿತಾಟು ಹಾಸಿ, ಅದರ ಮೇಲೆ ಗುಡ್ಡೆ ಹಾಕಿರುತ್ತಾರೆ. ಬಣ್ಣ ಮಣ್ಣಿನದು, ಆಕಾರ ಡೊಂಕು. ಟೊಮೆಟೊ, ಕ್ಯಾರೆಟ್‌ಗಳ ಪಕ್ಕದಲ್ಲಿ ಅದರತ್ತ ಕಣ್ಣು ಹೋಗುವುದೇ ಇಲ್ಲ. ಸಿಗುವ ಕಾಲವೂ ಚಿಕ್ಕದು. ಆ ಕೆಲವೇ ವಾರಗಳಲ್ಲಿ ಕೊಂಡವರ ಮನೆಯಲ್ಲಿ ವರ್ಷವಿಡೀ ತೊಕ್ಕು ಇರುತ್ತದೆ, ಬಿಟ್ಟವರು ಮುಂದಿನ ಕಾರ್ತಿಕದವರೆಗೆ ಕಾಯಬೇಕು.

ನಮ್ಮ ಪಕ್ಕದ ಮನೆಯ ಅಜ್ಜಿ ಗಾಡಿಯ ಮುಂದೆ ನಿಂತರೆ ಅರ್ಧ ಗಂಟೆ ಕದಲುವುದಿಲ್ಲ. ಒಂದು ಕಾಯಿ ಎತ್ತಿಕೊಂಡು ಹೆಬ್ಬೆರಳಿನ ಉಗುರಿನಿಂದ ಸಿಪ್ಪೆಯನ್ನು ಒತ್ತುತ್ತಾರೆ. ಸಿಪ್ಪೆ ತಿರುಳಿಗೆ ಅಂಟಿಕೊಂಡಿರಬೇಕು. ಆಮೇಲೆ ನಡುವೆ ಮುರಿಯುತ್ತಾರೆ. ಒಳಗೆ ಬಿಳಿಹಸಿರು ತಿರುಳು, ಅದರ ನಡುವೆ ಆಕಾರ ತಳೆದ, ಆದರೆ ಇನ್ನೂ ಮೆತ್ತಗಿರುವ ಬೀಜ. ಬೀಜಕ್ಕೆ ಕಂದು ಬಣ್ಣ ತಿರುಗಿದ್ದರೆ ಕಾಯಿ ಗಾಡಿಗೆ ವಾಪಸ್ಸು. “ಇದು ಬಲ್ತೈತವಾ, ತೊಕ್ಕಿಗೆ ಬರಂಗಿಲ್ಲ. ಅಡಿಗಿರೋದು ತೆಗಿ.” ತೀರಾ ಎಳೆಯದನ್ನೂ ಅವರು ಮುಟ್ಟುವುದಿಲ್ಲ, ಅದರಲ್ಲಿ ಹುಳಿಗಿಂತ ಒಗರು ಜಾಸ್ತಿ, ಕುಟ್ಟಿದರೆ ನೀರು ಬಿಡುತ್ತದೆ. ಇವೆರಡರ ನಡುವಿನ ಕೆಲವು ದಿನಗಳ ಕಾಯಿಯೇ ಬೇಕು. ತೊಕ್ಕಿನ ಗುಣದಲ್ಲಿ ಅರ್ಧದಷ್ಟು ಇಲ್ಲಿ, ಒಲೆಯಿಂದ ದೂರ, ಬೀದಿಯಲ್ಲೇ ತೀರ್ಮಾನವಾಗಿಬಿಡುತ್ತದೆ ಎಂದು ನನಗೆ ಖಾತ್ರಿಯಾಗಿದೆ. ಬಲಿತ ಕಾಯಿಯ ತೊಕ್ಕನ್ನು ಯಾವ ಮಸಾಲೆಯೂ ಎತ್ತಿ ನಿಲ್ಲಿಸಲಾರದು.

ಮಾಡುವ ಕ್ರಮ ಎಲ್ಲರಿಗೂ ಗೊತ್ತಿರುವಂಥದ್ದೇ. ಕಾಯಿ ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಕಲ್ಲುಪ್ಪು ಅರಿಸಿನ ಹಾಕಿ ಒರಳಲ್ಲಿ ತರಿತರಿಯಾಗಿ ಜಜ್ಜಿ ಜಾಡಿಗೆ ತುಂಬುವುದು. ಮೂರು ನಾಲ್ಕು ದಿನ ಬಿಟ್ಟು ತೆಗೆದು, ನಾರು ಬೀಜ ಆರಿಸಿ, ಹಸಿಮೆಣಸಿನಕಾಯಿ, ಹುರಿದ ಮೆಂತ್ಯ, ಇಂಗು ಸೇರಿಸಿ ಮತ್ತೊಮ್ಮೆ ಕುಟ್ಟುವುದು. ಒಂದು ಕಿಲೋ ಕಾಯಿಗೆ ಕಾಲು ಕಿಲೋ ಉಪ್ಪು, ಮೆಣಸಿನಕಾಯಿಯೂ ಹೆಚ್ಚುಕಡಿಮೆ ಅಷ್ಟೇ. ಬೆಂಕಿಯ ಕೆಲಸ ಮೆಂತ್ಯ ಹುರಿಯುವಷ್ಟಕ್ಕೆ ಮಾತ್ರ.

ಆ ನಡುವಿನ ಮೂರು ನಾಲ್ಕು ದಿನಗಳ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಈಗ ಎಲ್ಲರೂ ಬಿಟ್ಟುಬಿಡುವುದು ಅದನ್ನೇ. ಜಾಡಿಯಲ್ಲಿ ಉಪ್ಪು ಕಾಯಿಯ ನೀರನ್ನು ಹೊರಗೆಳೆಯುತ್ತದೆ. ತಿರುಳು ಮೆತ್ತಗಾಗಿ ನಾರಿನಿಂದ ಬಿಡಿಸಿಕೊಳ್ಳುತ್ತದೆ, ಒಗರು ಇಳಿಯುತ್ತದೆ, ಅರಿಸಿನ ಒಳಗಿನವರೆಗೂ ಹಿಡಿಯುತ್ತದೆ. ಎರಡನೆಯ ದಿನ ಮುಚ್ಚಳ ತೆಗೆದರೆ ಹಸಿ ಎಲೆಯ ವಾಸನೆ. ನಾಲ್ಕನೆಯ ದಿನ ಆ ವಾಸನೆ ಹೋಗಿ, ಮೂಗಿಗೆ ತಾಕಿದೊಡನೆ ಬಾಯಲ್ಲಿ ನೀರೂರಿಸುವ ಇನ್ನೊಂದು ವಾಸನೆ ಬಂದಿರುತ್ತದೆ. ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ಸಂಜೆಗೆ ಬಾಟಲಿ ತುಂಬಿದ ತೊಕ್ಕನ್ನು ನಾನು ಹಲವು ಮನೆಗಳಲ್ಲಿ ತಿಂದಿದ್ದೇನೆ. ಅದರಲ್ಲಿ ಉಪ್ಪು ಬೇರೆ, ಹುಳಿ ಬೇರೆ, ಖಾರ ಬೇರೆ ಬೇರೆಯಾಗಿಯೇ ನಾಲಿಗೆಗೆ ಹತ್ತುತ್ತವೆ. ನಾರಿನ ಎಳೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಇದು ಮಿಕ್ಸಿಯ ತಪ್ಪಲ್ಲ. ನಾಲ್ಕು ದಿನ ಕಾದು, ನಾರು ತೆಗೆದು, ಆಮೇಲೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ನಿಲ್ಲಿಸಿದರೆ ಒರಳಿನ ತೊಕ್ಕಿಗೆ ತೀರಾ ಹತ್ತಿರದ ತೊಕ್ಕು ಬರುತ್ತದೆ. ಒರಳಿನಲ್ಲೇ ರುಚಿ ಎಂದು ಹಟ ಹಿಡಿಯುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಾಯುವುದನ್ನು ಬಿಟ್ಟವರನ್ನು ಮಾತ್ರ ಸ್ವಲ್ಪವೂ ಒಪ್ಪುವುದಿಲ್ಲ.

ಹುಣಸೆಯ ಹುಳಿ ಬೇರೆ ಹುಳಿಗಳ ಜಾತಿಯದಲ್ಲ. ಅದರದು ಟಾರ್ಟಾರಿಕ್ ಆಮ್ಲ. ಮಾವು ಹಣ್ಣಾಗುತ್ತಾ ತನ್ನ ಹುಳಿಯನ್ನು ಕಳೆದುಕೊಳ್ಳುತ್ತದೆ. ಹುಣಸೆ ಹಣ್ಣಾದ ಮೇಲೂ ಆಮ್ಲ ಉಳಿದೇ ಇರುತ್ತದೆ, ಅದರ ಜೊತೆಗೆ ಸಕ್ಕರೆ ಸೇರಿಕೊಳ್ಳುತ್ತದೆ. ಎಳೆಗಾಯಲ್ಲಿ ಆ ಸಕ್ಕರೆಯ ತಡೆಯಿಲ್ಲ, ಹುಳಿ ನೇರವಾಗಿ ಬರುತ್ತದೆ. ಹಣ್ಣಿನ ಹುಳಿಯಲ್ಲಿ ಸಾರು ಮಾಡುತ್ತೇವೆ, ಗೊಜ್ಜು ಮಾಡುತ್ತೇವೆ. ಕಾಯಿಯ ಈ ಹಸಿರು ಹುಳಿಗೆ ತೊಕ್ಕು ಬಿಟ್ಟರೆ ನಮ್ಮ ಅಡುಗೆಯಲ್ಲಿ ಹೆಚ್ಚು ಜಾಗವಿಲ್ಲ. ಹಾಗಾಗಿ ತೊಕ್ಕಿನಲ್ಲಿ ಆ ಹುಳಿ ಮೊದಲು ಕೇಳಿಸಬೇಕು, ಖಾರ ಅದರ ಹಿಂದೆ ಬರಬೇಕು, ಖಾರ ಇಳಿದ ಮೇಲೂ ಹುಳಿ ನಾಲಿಗೆಯ ಅಂಚಿನಲ್ಲಿ ಉಳಿದಿರಬೇಕು. ನಾನು ಯಾವ ಮನೆಯ ತೊಕ್ಕನ್ನು ತಿಂದರೂ ಮೊದಲು ನೋಡುವುದು ಇದನ್ನೇ. ಇಂಗು ಮುಂದೆ ಬಂದರೆ ಕೈ ಜಾರಿದೆ ಎಂದರ್ಥ. ಮೆಂತ್ಯದ ಕಹಿ ಕೊನೆಯಲ್ಲಿ ಉಳಿದರೆ ಹುರಿದದ್ದು ಸಾಲದು, ಇಲ್ಲವೇ ಸೀದಿದೆ.

ತೊಕ್ಕನ್ನು ಚಟ್ನಿಯ ಪಕ್ಕದಲ್ಲಿಟ್ಟು ನೋಡಿ. ಚಟ್ನಿ ಎಂಬ ಮಾತು ನೆಕ್ಕುವುದಕ್ಕಿರುವ ಹಿಂದಿ ಮಾತಿನಿಂದ ಬಂದದ್ದು. ಬ್ರಿಟಿಷರ ಜೊತೆ ಇಂಗ್ಲೆಂಡಿಗೆ ಹೋದ ಆ ಚಟ್ನಿ ಅಲ್ಲಿ ಮಾವು, ವಿನೆಗರ್, ಸಕ್ಕರೆ ಹಾಕಿ ಹೊತ್ತುಗಟ್ಟಲೆ ಕುದಿಸುವ ಪಾಕವಾಯಿತು. ಹಣ್ಣಿನ ಚಟ್ನಿ ಎಂದರೆ ಜಗತ್ತಿನ ಬಹಳ ಕಡೆ ಇವತ್ತು ಅದೇ. ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ನಮ್ಮಲ್ಲೇ ಮಾವಿನಕಾಯಿ ತುರಿದು ಬೆಲ್ಲದಲ್ಲಿ ಕಾಯಿಸುವ ಗುಳಂಬ ಅದರ ಹತ್ತಿರದ ನೆಂಟ, ಚಪಾತಿಗೆ ಅದರಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ. ಆದರೆ ಗುಳಂಬದಲ್ಲಿ ಕೊನೆಗೆ ಗೆಲ್ಲುವುದು ಬೆಲ್ಲ. ಹುಣಸೆ ತೊಕ್ಕಿಗೆ ಕೆಡದಂತೆ ಇರಲು ಹೊರಗಿನ ಹುಳಿ ಬೇಕಿಲ್ಲ, ಸಕ್ಕರೆ ಬೇಕಿಲ್ಲ, ಕುದಿಸುವುದೂ ಬೇಕಿಲ್ಲ. ಕಾಯಿಯ ಆಮ್ಲ ಮತ್ತು ಉಪ್ಪು ಎರಡೇ ಆ ಕೆಲಸ ಮಾಡುತ್ತವೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕಾಲ ಬಾಳುವ ಪದಾರ್ಥ ನಮ್ಮ ಅಡುಗೆಮನೆಯಲ್ಲಿ ಬೇರೆ ಯಾವುದಿದೆ?

ಅಂಗಡಿಯ ಬಾಟಲಿಗಳ ಮೇಲೆ ನನ್ನ ತಕರಾರು ಇರುವುದೂ ಇಲ್ಲೇ. ಹೋದ ವರ್ಷ ಒಂದು ಬಾಟಲಿ ತಂದೆ. ಮೇಲೆ ಬೆರಳಿನಷ್ಟು ಎಣ್ಣೆ, ಲೇಬಲ್ಲಿನಲ್ಲಿ ಸಕ್ಕರೆ, ವಿನೆಗರ್, ಸೋಡಿಯಂ ಬೆಂಜೋಯೇಟ್. ತಿಂದರೆ ಬಂದ ಹುಳಿ ವಿನೆಗರಿನದು. ಇರುವ ಹುಳಿಯನ್ನು ಸಕ್ಕರೆಯಿಂದ ಮುಚ್ಚಿ, ಮತ್ತೆ ಇನ್ನೊಂದು ಹುಳಿಯನ್ನು ಮೇಲೆ ಸುರಿದಿದ್ದರು. ಹುಣಸೆಕಾಯಿಗೆ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚುವುದಿಲ್ಲ.

ಹಾಗೆಂದು ಮನೆಯ ತೊಕ್ಕಿನಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ಉಪ್ಪಿನ ಲೆಕ್ಕ ನೋಡಿ. ಕಿಲೋಗೆ ಕಾಲು ಕಿಲೋ ಹಾಕಿ, ನಾರು ಬೀಜ ಕಳೆದು, ಮೆಣಸಿನಕಾಯಿ ಸೇರಿಸಿದ ಮೇಲೆ ಒಂದು ಸಣ್ಣ ಚಮಚ ತೊಕ್ಕಿನಲ್ಲಿ ಸುಮಾರು ಒಂದು ಗ್ರಾಂ ಉಪ್ಪು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು. ರೊಟ್ಟಿಗೆ ಎರಡು ಚಮಚ, ಮೊಸರನ್ನಕ್ಕೆ ಒಂದು ಚಮಚ ಎಂದರೆ ಅಲ್ಲಿಗೇ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಗದ್ದೆಯಲ್ಲಿ ಬೆವರು ಸುರಿಸಿ ಬಂದವರ ತಟ್ಟೆಗೆ ಹೊಂದಿದ್ದ ಅಳತೆಯನ್ನು ಕುರ್ಚಿಯಲ್ಲಿ ಕೂತು ದುಡಿಯುವ ನಾವು ಹಾಗೆಯೇ ಇಟ್ಟುಕೊಂಡಿದ್ದೇವೆ. ಎರಡು ವರ್ಷದಿಂದ ನಾನು ಉಪ್ಪನ್ನು ಕಿಲೋಗೆ 150 ಗ್ರಾಮಿಗೆ ಇಳಿಸಿ, ಫ್ರಿಜ್ಜಿನಲ್ಲಿ ಇಡುತ್ತಿದ್ದೇನೆ. ಮೊದಲ ವರ್ಷ ಒದ್ದೆ ಚಮಚ ಹಾಕಿದ್ದಕ್ಕೆ ಅಂಚಿನಲ್ಲಿ ಬೂಷ್ಟು ಬಂದು ಅರ್ಧ ಜಾಡಿ ಚೆಲ್ಲಿದೆ. ಅಷ್ಟು ತೊಕ್ಕು ಚೆಲ್ಲುವಾಗ ನಿಜಕ್ಕೂ ಸಂಕಟವಾಯಿತು. ಎರಡನೆಯ ವರ್ಷ ಸಣ್ಣ ಸಣ್ಣ ಗಾಜಿನ ಶೀಶೆಗಳಲ್ಲಿ ತುಂಬಿದೆ, ಕೆಡಲಿಲ್ಲ. ಉಪ್ಪು ಇಳಿದದ್ದರಿಂದ ಹುಳಿ ಇನ್ನಷ್ಟು ಸ್ಪಷ್ಟವಾಯಿತು ಎಂಬುದು ನನ್ನ ನಾಲಿಗೆಯ ತೀರ್ಪು. ಅಜ್ಜಿ ಒಪ್ಪುವುದಿಲ್ಲ. “ಚಪ್ಪೆ ಐತಿ” ಎಂದರು.

ತಿನ್ನುವ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ತೊಕ್ಕು. ಬೆಣ್ಣೆಯ ಜಿಡ್ಡು ಹುಳಿಯ ಏಟನ್ನು ತಡೆದುಕೊಳ್ಳುತ್ತದೆ, ಜೋಳದ ಸಣ್ಣ ಸಿಹಿ ಹಿಂದಿನಿಂದ ಬಂದು ಸೇರುತ್ತದೆ. ದಾವಣಗೆರೆಯವರು ಬೆಣ್ಣೆ ಎಂದೊಡನೆ ದೋಸೆ ಎನ್ನುತ್ತೇವೆ. ಆದರೆ ಬೆಣ್ಣೆ ದೋಸೆಗೆ ತೊಕ್ಕು ಸಲ್ಲದು. ಹುದುಗಿದ ಹಿಟ್ಟಿಗೆ ತನ್ನದೇ ಹುಳಿ ಇರುತ್ತದೆ, ಅದಕ್ಕೆ ಕಾಯಿ ಚಟ್ನಿಯ ತಂಪೇ ಸರಿ. ಒಗ್ಗರಣೆ ಮಂಡಕ್ಕಿಯಲ್ಲಿ ಮಾತ್ರ ಅರ್ಧ ಚಮಚ ತೊಕ್ಕನ್ನು ಎಣ್ಣೆಯಲ್ಲೇ ಕದಡಿ ನೋಡಿ. ನಿಂಬೆಹಣ್ಣು ಹಿಂಡಿದರೆ ಸಿಗದ ಒಂದು ಆಳ ಅದಕ್ಕೆ ಬರುತ್ತದೆ.

ಕಾಯಿ ಕಡಿಮೆಯಾಗುತ್ತಿದೆ ಎಂಬುದು ನನ್ನ ನಿಜವಾದ ಚಿಂತೆ. ಹುಣಸೆಮರ ನಮ್ಮಲ್ಲಿ ಹೆಚ್ಚಾಗಿ ಯಾರೂ ತೋಟ ಮಾಡಿ ಬೆಳೆಸಿದ್ದಲ್ಲ. ಹೊಲದ ಬದುವಿನಲ್ಲಿ, ರಸ್ತೆಯ ಬದಿಯಲ್ಲಿ ನಿಂತದ್ದು. ರಸ್ತೆ ಅಗಲವಾದಂತೆ ಮೊದಲು ಉರುಳಿದ್ದು ಅವೇ. ಭದ್ರಾ ನಾಲೆಯ ನೀರು ಹರಿದಲ್ಲೆಲ್ಲ ಭತ್ತ, ಅಡಿಕೆ ಬಂದವು, ಬದುವಿನ ಮರದ ನೆರಳು ಬೆಳೆಗೆ ಅಡ್ಡಿಯಾಯಿತು. ಹರಿಹರದ ಕಡೆಯಿಂದ ಬರುವ ಗಾಡಿಯವರನ್ನು ಕೇಳಿದರೆ, ಮರ ಹತ್ತುವ ಹುಡುಗರು ಸಿಗುವುದಿಲ್ಲ ಎನ್ನುತ್ತಾರೆ. ಹಣ್ಣಾದರೆ ಬಡಿದು ಉದುರಿಸಬಹುದು. ಎಳೆಗಾಯನ್ನು ಕೈಯಿಂದಲೇ ಆರಿಸಿ ಕೀಳಬೇಕು.

ಈ ಸಲ ಅಜ್ಜಿ ಹೋದ ವರ್ಷದ ಜಾಡಿಯ ತಳದಲ್ಲಿ ಉಳಿದದ್ದನ್ನು ಒಂದು ಬಟ್ಟಲಿನಲ್ಲಿ ತಂದರು. ಹೊಸದು ಅರಿಸಿನ ಬೆರೆತ ಹಸಿರು. ಹಳೆಯದು ಕಪ್ಪಿಗೆ ತಿರುಗಿದ ಕಂದು. ಬಣ್ಣ ಕೆಟ್ಟಿತೆಂದು ಹಳೆಯದನ್ನು ಎಸೆಯುವವರಿದ್ದಾರೆ. ಎರಡನ್ನೂ ಒಂದೇ ತಟ್ಟೆಯ ಎರಡು ಅಂಚಿಗೆ ಹಾಕಿಕೊಂಡು ರೊಟ್ಟಿ ಮುರಿದೆವು. ಹೊಸದು ಚುರುಕು, ಹಲ್ಲು ಜುಮ್ಮೆನ್ನಿಸುವಂಥದ್ದು. ಹಳೆಯದರಲ್ಲಿ ಖಾರ ಪೂರ್ತಿ ತಗ್ಗಿತ್ತು, ಮೆಂತ್ಯ ಎಲ್ಲಿದೆಯೆಂದು ಗೊತ್ತೇ ಆಗುತ್ತಿರಲಿಲ್ಲ, ಹುಳಿ ಮಾತ್ರ ಹಾಗೆಯೇ ಇತ್ತು. ಅಜ್ಜಿ ಎರಡನೆಯ ರೊಟ್ಟಿಗೆ ಹಳೆಯದನ್ನಷ್ಟೇ ಹಾಕಿಸಿಕೊಂಡರು. ನಾನೂ.