ಗಡಿಯಾರ ನಿಧಾನವಾಗುವುದು ಗುರುತ್ವ ಬಲದಿಂದಲೇ?

'ಗುರುತ್ವ ಬಲ ಹೆಚ್ಚಿರುವಲ್ಲಿ ಕಾಲ ನಿಧಾನ.' ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತವನ್ನು ಪರಿಚಯಿಸುವ ಲೇಖನಗಳಲ್ಲಿ, ಉಪನ್ಯಾಸಗಳಲ್ಲಿ ಈ ವಾಕ್ಯ ನಿಮಗೆ ಸಿಕ್ಕಿರುತ್ತದೆ. ನೀವು ಅಧ್ಯಾಪಕರಾಗಿದ್ದರೆ ತರಗತಿಯಲ್ಲಿ ಹೇಳಿಯೂ ಇರಬಹುದು. ನೆನಪಿಡಲು ಸುಲಭ, ಆದರೆ ತಪ್ಪು. ನಮ್ಮ ಸುತ್ತಮುತ್ತ ಅದು ಸರಿಯುತ್ತರವನ್ನೇ ಕೊಡುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ತುಮಕೂರು ನಗರ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ; ಹತ್ತಿರದ ದೇವರಾಯನದುರ್ಗ ಸುಮಾರು 1200 ಮೀಟರ್. ಒಂದೇ ಬಗೆಯ ಎರಡು ಪರಮಾಣು ಗಡಿಯಾರಗಳಲ್ಲಿ ಒಂದನ್ನು ನಗರದಲ್ಲೂ ಇನ್ನೊಂದನ್ನು ಬೆಟ್ಟದ ಮೇಲೂ ಇಟ್ಟರೆ, ಬೆಟ್ಟದ್ದು ದಿನಕ್ಕೆ ಸುಮಾರು 3.6 ನ್ಯಾನೊಸೆಕೆಂಡ್ ಮುಂದೆ ಹೋಗುತ್ತದೆ. (ತುಮಕೂರಿನಲ್ಲೇ ತಯಾರಾಗುತ್ತಿದ್ದ ಎಚ್.ಎಂ.ಟಿ. ಕೈಗಡಿಯಾರದಲ್ಲಿ ಇದನ್ನು ಹುಡುಕಬೇಡಿ!) ಗುಬ್ಬಿ, ಕುಣಿಗಲ್ ಪಟ್ಟಣಗಳು ನಗರಕ್ಕಿಂತ ಸುಮಾರು 50 ಮೀಟರ್ ತಗ್ಗಿನಲ್ಲಿವೆ; ಅಲ್ಲಿಯ ಗಡಿಯಾರ ವರ್ಷಕ್ಕೆ ಸುಮಾರು 170 ನ್ಯಾನೊಸೆಕೆಂಡ್ ಹಿಂದೆ ಬೀಳುತ್ತದೆ. ಇದು ಬರೀ ಕಾಗದದ ಲೆಕ್ಕವಲ್ಲ. ಟೋಕಿಯೊ ಸ್ಕೈಟ್ರೀ ಗೋಪುರದಲ್ಲಿ 450 ಮೀಟರ್ ಎತ್ತರದಲ್ಲಿ ಜಪಾನಿನ ವಿಜ್ಞಾನಿಗಳು ಇಂಥದೇ ಅಳತೆ ನಡೆಸಿ, ಫಲಿತಾಂಶವನ್ನು 2020ರಲ್ಲಿ ಪ್ರಕಟಿಸಿದರು.

ಬೆಟ್ಟದ ಮೇಲೆ ಗುರುತ್ವ ಬಲ ತುಸು ಕಡಿಮೆ, ಗಡಿಯಾರವೂ ವೇಗ. ಹಾಗಾದರೆ ವಾಕ್ಯ ಸರಿಯಲ್ಲವೇ ಎನ್ನುತ್ತೀರಿ. ಅದೇ ಬೆಟ್ಟಕ್ಕೆ ಒಂದು ಲೋಲಕದ ಗಡಿಯಾರವನ್ನು ಒಯ್ದು ನೋಡಿ. ಉಷ್ಣತೆ ಬದಲಾಗದಿದ್ದರೆ ಅದು ದಿನಕ್ಕೆ ಕೆಲವು ಸೆಕೆಂಡು *ಹಿಂದೆ* ಬೀಳುತ್ತದೆ! ಲೋಲಕದ ಓಲಾಟ ಆ ಜಾಗದ ಗುರುತ್ವ ವೇಗೋತ್ಕರ್ಷವನ್ನು ಅವಲಂಬಿಸಿದೆ. ಬಲ ತಗ್ಗಿದರೆ ಅದು ನಿಧಾನ. ಅದು ಯಂತ್ರದ ಸಂಗತಿ, ಕಾಲದ್ದಲ್ಲ. ಪರಮಾಣು ಗಡಿಯಾರ ತೋರಿಸುವುದು ಬೇರೊಂದನ್ನು: ಗುರುತ್ವ ವಿಭವವನ್ನು. ಎಂದರೆ, ಒಂದು ಕಿಲೋಗ್ರಾಮ್ ವಸ್ತುವನ್ನು ಅಲ್ಲಿಂದ ಅನಂತ ದೂರಕ್ಕೆ ಒಯ್ಯಲು ಎಷ್ಟು ಶಕ್ತಿ ಬೇಕೆಂಬುದನ್ನು.

ಬಲ ಮತ್ತು ವಿಭವ ಬೇರೆ ಬೇರೆ ದಾರಿ ಹಿಡಿಯುವ ಕಡೆ ವಾಕ್ಯ ಮುರಿದು ಬೀಳುತ್ತದೆ. ಯುರೇನಸ್ ಗ್ರಹದ ದ್ರವ್ಯರಾಶಿ ಭೂಮಿಯ 14.5 ಪಟ್ಟು, ತ್ರಿಜ್ಯ 4 ಪಟ್ಟು. ಬಲಕ್ಕೆ ತ್ರಿಜ್ಯದ ವರ್ಗದಿಂದ ಭಾಗಿಸಬೇಕು. ಉತ್ತರ ಭೂಮಿಗಿಂತ ಕಡಿಮೆ. ವಿಭವಕ್ಕೆ ಬರೀ ತ್ರಿಜ್ಯದಿಂದ ಭಾಗಿಸಿದರೆ ಸಾಕು, ಉತ್ತರ 3.6 ಪಟ್ಟು ಹೆಚ್ಚು. ಆ ಗ್ರಹದ ಗುರುತ್ವವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಬಲ ಕಡಿಮೆಯಿದ್ದೂ ಗಡಿಯಾರ ಅಲ್ಲಿ ಹೆಚ್ಚು ನಿಧಾನ. ಇನ್ನು ಭೂಮಿಯ ಕೇಂದ್ರದಲ್ಲಿ ಬಲ ಸೊನ್ನೆ. ಆದರೂ ಇಡೀ ಭೂಮಿಯಲ್ಲಿ ಕಾಲ ಅತಿ ನಿಧಾನವಾಗಿ ಸಾಗುವುದು ಅಲ್ಲೇ. 2016ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಕೇಂದ್ರವು ಮೇಲ್ಮೈಗಿಂತ ಸುಮಾರು ಎರಡೂವರೆ ವರ್ಷ ಚಿಕ್ಕದು.

'ದ್ರವ್ಯರಾಶಿ ಕಾಲವನ್ನು ನಿಧಾನಿಸುತ್ತದೆ' ಎಂಬ ಇನ್ನೊಂದು ವಾಕ್ಯಕ್ಕೂ ತಿದ್ದುಪಡಿ ಬೇಕು. ಮೊದಲನೆಯದಾಗಿ, ಯಾರ ದ್ರವ್ಯರಾಶಿ? ಗಡಿಯಾರದ್ದಲ್ಲ, ಸುತ್ತಲಿನ ಕಾಯಗಳದ್ದು. ತೂಕದ ಗಡಿಯಾರಕ್ಕೂ ಹಗುರ ಗಡಿಯಾರಕ್ಕೂ ಈ ವಿಷಯದಲ್ಲಿ ಭೇದವಿಲ್ಲ. ಎರಡನೆಯದಾಗಿ, ಐನ್‌ಸ್ಟೈನ್ 1915ರಲ್ಲಿ ಕೊಟ್ಟ ಸಮೀಕರಣಗಳಲ್ಲಿ ಗುರುತ್ವಕ್ಕೆ ಆಕರವಾಗಿರುವುದು ದ್ರವ್ಯರಾಶಿ ಮಾತ್ರವಲ್ಲ. ಎಲ್ಲ ಬಗೆಯ ಶಕ್ತಿ, ಸಂವೇಗ, ಒತ್ತಡ ಕೂಡ ಅಲ್ಲಿ ಜಾಗ ಪಡೆದಿವೆ. ಕುಣಿಗಲ್ ದೊಡ್ಡಕೆರೆಯಲ್ಲಿ ಒಂದು ಕೋಟಿ ಟನ್ ನೀರಿದೆ ಎಂದು ಭಾವಿಸಿ. ಅದು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ, ಸೇರಿದ ಉಷ್ಣಶಕ್ತಿಯಿಂದ ಕೆರೆಯ ದ್ರವ್ಯರಾಶಿ ಅರ್ಧ ಗ್ರಾಮಿನಷ್ಟು ಹೆಚ್ಚುತ್ತದೆ. ಅಷ್ಟೇ ತಾನೇ ಎಂದು ಶಕ್ತಿಯನ್ನು ಬದಿಗಿಡುವಂತಿಲ್ಲ. ಆ ನೀರಿನ ಪ್ರೋಟಾನುಗಳ ದ್ರವ್ಯರಾಶಿಯಲ್ಲಿ ಕ್ವಾರ್ಕುಗಳ ಸ್ವಂತ ದ್ರವ್ಯರಾಶಿ ಸುಮಾರು ನೂರಕ್ಕೆ ಒಂದು ಪಾಲು ಮಾತ್ರ. ಮಿಕ್ಕಿದ್ದೆಲ್ಲ ಅವುಗಳ ಚಲನೆಯ, ಬಂಧಕ ಕ್ಷೇತ್ರದ ಶಕ್ತಿ. ಗುಬ್ಬಿಯ ಗಡಿಯಾರವನ್ನು ನಿಧಾನಿಸುತ್ತಿರುವ ಭೂಮಿಯ ದ್ರವ್ಯರಾಶಿಯೂ ಹೆಚ್ಚುಪಾಲು ಇಂಥ ಶಕ್ತಿಯೇ.